ಭಟ್ಟರ ಓಡಾಟ, ಸ್ವಾಮಿಗಳ ವ್ರತ: ಹೀಗಿರುತ್ತೆ ಫಾದರ್ ದಿನಚರಿ

“ಫಾದರ್, ಆದಿತ್ಯವಾರ ಪೂಜೆ ಮಾಡ್ತ್ರಿ, ಸರಿ. ಬಾಕಿ ಆರು ದಿನ ಎಂತ ಮಾಡ್ತ್ರಿ?”

ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆ ಕೆಲಸ ಮಾಡಿದ ಪಾದ್ರಿಗಳಲ್ಲಿ ಈ ಪ್ರಶ್ನೆಯನ್ನು ಒಮ್ಮೆಯೂ ಎದುರಿಸದವರು ಸಿಗಲಿಕ್ಕಿಲ್ಲ. ಕೇಳುವವರಲ್ಲಿ ಕುಹಕ ಇರೋದಿಲ್ಲ, ಗೊತ್ತಿಲ್ಲ ಅಷ್ಟೆ. ಚಂದಗುಳಿಯಂಥ ಊರಿನವರಿಗೆ ದೇವಸ್ಥಾನದ ದಿನಚರಿ ಬಾಯಿಪಾಠ. ಇಲ್ಲಿಯ ಗಣಪತಿಗೆ ಹರಕೆ ಹೊತ್ತವರು ಕೆಲಸ ಆದಮೇಲೆ ಘಂಟೆ ತಂದು ಕಟ್ಟುತ್ತಾರೆ. ಆ ಘಂಟೆಗಳ ಸಾಲು ನೋಡಲಿಕ್ಕೇ ದೂರದೂರದಿಂದ ಜನ ಬರ್ತಾರೆ. ಇಗರ್ಜಿಯಲ್ಲೂ ಘಂಟೆ ಉಂಟು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ದಿನಕ್ಕೆ ಮೂರು ಹೊತ್ತು ಘಂಟೆ ಹೊಡೆದು ಪ್ರಾರ್ಥನೆ ಹೇಳುವುದು ಕಥೋಲಿಕರ ಹಳೇ ಪದ್ಧತಿ. ಘಂಟೆಯ ಸದ್ದು ಪೇಟೆಗೆಲ್ಲ ಕೇಳಿಸುತ್ತದೆ. ಆದರೆ ಇಗರ್ಜಿಯ ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಆ ಮನುಷ್ಯ ಏನು ತಿಂತಾರೆ, ಯಾರ ಹತ್ತಿರ ಮಾತಾಡ್ತಾರೆ, ಬೇಸರ ಬಂದರೆ ಏನು ಮಾಡ್ತಾರೆ ಎನ್ನುವುದು ನೆರೆಯವರಿಗೂ ಗೊತ್ತಿರುವುದಿಲ್ಲ.

ಎರಡೂ ಸೇರಿದ ಬದುಕು

ನಮ್ಮ ಕಡೆಯವರಿಗೆ ಅರ್ಥ ಆಗುವ ಹಾಗೆ ಹೇಳಬೇಕೆಂದರೆ, ಇಲ್ಲಿ ನಾವು ಎರಡು ಬಗೆಯ ಧರ್ಮದ ಬದುಕನ್ನು ನೋಡಿದ್ದೇವೆ. ಒಂದು ಪುರೋಹಿತ ಭಟ್ಟರದು. ಮದುವೆ, ಉಪನಯನ, ಶ್ರಾದ್ಧ, ಸತ್ಯನಾರಾಯಣ ಪೂಜೆ ಎಂದು ಬೈಕು ಹತ್ತಿ ಮನೆಮನೆ ತಿರುಗುತ್ತಾರೆ. ಅವರಿಗೆ ಹೆಂಡತಿ ಮಕ್ಕಳು, ಅಡಿಕೆ ತೋಟ, ಕೊಟ್ಟಿಗೆ ಎಲ್ಲ ಇರುತ್ತದೆ. ಇನ್ನೊಂದು ಮಠದ ಸ್ವಾಮಿಗಳದು. ಸೋಂದೆಯಲ್ಲಿ ಸ್ವರ್ಣವಲ್ಲಿ ಮಠ, ವಾದಿರಾಜ ಮಠ ಎರಡೂ ಇರುವುದರಿಂದ ಸನ್ಯಾಸ ಅಂದರೇನು, ಚಾತುರ್ಮಾಸ್ಯ ಅಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಾಮಿಗಳಿಗೆ ಸಂಸಾರವಿಲ್ಲ, ಆದರೆ ಸುತ್ತ ಮಠ ಇರುತ್ತದೆ. ಶಿಷ್ಯರು, ಪರಿಚಾರಕರು, ಪಂಕ್ತಿಯಲ್ಲಿ ಉಣ್ಣುವ ಜನ ಇರುತ್ತಾರೆ.

ಪಾದ್ರಿಗಳದು ಈ ಎರಡೂ ಸೇರಿದ ಬದುಕು. ಕೆಲಸ ಭಟ್ಟರದು, ವ್ರತ ಸ್ವಾಮಿಗಳದು. ಹುಟ್ಟಿದ ಮಗುವಿಗೆ ಜ್ಞಾನಸ್ನಾನ, ಮದುವೆ, ಕಾಯಿಲೆ, ಸಾವು ಎಲ್ಲದಕ್ಕೂ ಮನೆಮನೆಗೆ ಹೋಗಬೇಕು. ತಿರುಗಿ ಬಂದಾಗ ಬಾಗಿಲು ತೆಗೆಯುವ ಸಂಸಾರವೂ ಇಲ್ಲ, ಮಠದ ಗಲಗಲವೂ ಇಲ್ಲ. ಸಣ್ಣ ಊರಿನ ಇಗರ್ಜಿ ಆದರೆ ಅಲ್ಲಿರುವುದು ಒಬ್ಬರೇ ಪಾದ್ರಿ.

ಪಾದ್ರಿಗಳಲ್ಲೂ ಎರಡು ಬಗೆ ಎನ್ನುವುದು ಬಹಳ ಜನರಿಗೆ ತಿಳಿದಿಲ್ಲ. ಜೆಸುವಿಟ್, ಕಾರ್ಮೆಲೈಟ್, ಕಪುಚಿನ್ ಮುಂತಾದ ಸಭೆಗಳಿಗೆ ಸೇರಿದವರು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಟ್ಟು ಒಟ್ಟಾಗಿ ವಾಸಿಸುತ್ತಾರೆ. ಧರ್ಮಪ್ರಾಂತ್ಯದ ಪಾದ್ರಿಗಳು ಬ್ರಹ್ಮಚರ್ಯ ಮತ್ತು ಧರ್ಮಾಧ್ಯಕ್ಷರಿಗೆ ವಿಧೇಯತೆ, ಈ ಎರಡರ ಮಾತು ಕೊಟ್ಟವರು. ಊರ ಇಗರ್ಜಿಗಳಲ್ಲಿ ನಾವು ಕಾಣುವುದು ಹೆಚ್ಚಾಗಿ ಇವರನ್ನೇ. ಉತ್ತರ ಕನ್ನಡಕ್ಕೆ ಸೇರಿದ ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಹುಟ್ಟಿತು. ಕಡಲ ತೀರದ ದೊಡ್ಡ ದೊಡ್ಡ ಇಗರ್ಜಿಗಳೂ ಘಟ್ಟದ ಮೇಲಿನ ಕಾಡಿನ ಸಣ್ಣ ಸಣ್ಣ ಧರ್ಮಕೇಂದ್ರಗಳೂ ಅದರಲ್ಲೇ ಬರುತ್ತವೆ.

ಬೆಳಗಿನಿಂದ ರಾತ್ರಿಯವರೆಗೆ

ದಿನ ಸುರುವಾಗುವುದು ಪ್ರಾರ್ಥನೆಯಿಂದ. ಪೂಜೆ ಬಿಟ್ಟು ಇನ್ನೊಂದು ಪ್ರಾರ್ಥನೆ ಪ್ರತಿಯೊಬ್ಬ ಪಾದ್ರಿಗೂ ಕಡ್ಡಾಯ. ಅದಕ್ಕೊಂದು ಪುಸ್ತಕವೇ ಉಂಟು. ಬೆಳಗಿನದು, ಹಗಲಿನದು, ಸಂಜೆಯದು, ಮಲಗುವ ಮೊದಲಿನದು, ಜೊತೆಗೊಂದು ದೀರ್ಘ ವಾಚನ. ಕೀರ್ತನೆಗಳನ್ನು ನಾಲ್ಕು ವಾರಕ್ಕೆ ಒಂದು ಸುತ್ತು ಬರುವ ಹಾಗೆ ಹಂಚಿಟ್ಟಿದ್ದಾರೆ. ಭಟ್ಟರ ಸಂಧ್ಯಾವಂದನೆ ಇದ್ದ ಹಾಗೆ ಅಂದುಕೊಳ್ಳಿ. ಬಸ್ಸಿನಲ್ಲಿದ್ದರೂ ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಕಾಯುತ್ತಿದ್ದರೂ ಇದು ತಪ್ಪಬಾರದು. ಈಗ ಅನೇಕರು ಮೊಬೈಲಿನಲ್ಲೇ ಓದುತ್ತಾರೆ. “ಫಾದರ್ ಯಾವಾಗ ನೋಡಿದ್ರೂ ಮೊಬೈಲ್ ಒತ್ತತಾ ಇರ್ತಾರೆ” ಎನ್ನುವವರು ಇದನ್ನೊಂದು ನೆನಪಿಟ್ಟುಕೊಂಡರೆ ಒಳ್ಳೆಯದು.

ಆಮೇಲೆ ಬೆಳಗಿನ ಬಲಿಪೂಜೆ. ವಾರದ ದಿನ ಬರುವವರು ಬೆರಳೆಣಿಕೆಯ ಜನ. ನಾಲ್ಕು ಜನ ಬಂದರೂ ನಾನೂರು ಜನ ಬಂದರೂ ಪೂಜೆಯ ಕ್ರಮ ಒಂದೇ. ತಿಂಡಿ ಮುಗಿಸಿ ಕಚೇರಿಗೆ ಕೂತರೆ ಕಾಗದಪತ್ರದ ಕೆಲಸ. ಜ್ಞಾನಸ್ನಾನ, ಮದುವೆ, ಮರಣ ಇವಕ್ಕೆಲ್ಲ ಪ್ರತ್ಯೇಕ ದಾಖಲೆ ಪುಸ್ತಕ ಇಡಬೇಕೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಅಜ್ಜನ ಹುಟ್ಟಿದ ತಾರೀಕು ಬೇಕು ಎಂದು ಮೊಮ್ಮಗ ಬರುತ್ತಾನೆ. ಪರ ಊರಿನಲ್ಲಿ ಮದುವೆ ನಿಶ್ಚಯವಾದವರಿಗೆ ಇಲ್ಲಿಯ ಪತ್ರ ಬೇಕಾಗುತ್ತದೆ. ಹಳೆಯ ಪುಸ್ತಕದ ಮಾಸಿದ ಅಕ್ಷರ ಓದುವುದೇ ಒಂದು ವಿದ್ಯೆ.

ಇಗರ್ಜಿಯ ಜೊತೆ ಶಾಲೆ, ಹಾಸ್ಟೆಲ್ ಇದ್ದರೆ ಕೇಳುವುದೇ ಬೇಡ. ಫೀಸು, ಬಸ್ಸು, ಸೋರುವ ಮಾಡು, ಹೆಂಚು, ಬಾವಿಯ ಪಂಪು ಎಲ್ಲ ಫಾದರ್ ತಲೆಗೇ. ನಮ್ಮ ಘಟ್ಟದ ಮಳೆಗೆ ಹೆಂಚು ಒಡೆಯದ ವರ್ಷವುಂಟೇ? ಸೆಮಿನರಿಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿ ಬಂದವರು ಕೊನೆಗೆ ಸಿಮೆಂಟಿನ ರೇಟು, ಕರೆಂಟ್ ಬಿಲ್ಲು ಇದರಲ್ಲೇ ಮುಳುಗಿಹೋಗುತ್ತಾರೆ.

ಸಂಜೆ ಮನೆಭೇಟಿ. ಕಾಡೊಳಗಿನ ಕೇರಿಗೆ ಹೋಗಬೇಕಾದರೆ ಟಾರು ರಸ್ತೆ ಮುಗಿದ ಮೇಲೂ ಬೈಕು ಬಿಟ್ಟು ನಡೆಯಬೇಕಾಗಬಹುದು. ಸಾಯುವ ಸ್ಥಿತಿಯಲ್ಲಿರುವವರಿಗೆ ಎಣ್ಣೆ ಹಚ್ಚಿ ಅಭ್ಯಂಗ ಕೊಡುವುದಕ್ಕೆ ಹೊತ್ತುಗೊತ್ತಿಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬಂದರೂ ಎದ್ದು ಹೋಗಲೇಬೇಕು.

ಆದಿತ್ಯವಾರ ಮಾತ್ರ ಬೇರೆಯೇ ಲೆಕ್ಕ. ಸಾಮಾನ್ಯವಾಗಿ ಒಬ್ಬ ಪಾದ್ರಿ ದಿನಕ್ಕೆ ಒಂದೇ ಪೂಜೆ ಮಾಡಬೇಕೆಂಬುದು ನಿಯಮ. ಪಾದ್ರಿಗಳು ಕಡಿಮೆ ಇರುವ ಕಡೆ ಧರ್ಮಾಧ್ಯಕ್ಷರು ಎರಡಕ್ಕೆ, ಆದಿತ್ಯವಾರ ಮತ್ತು ಹಬ್ಬದ ದಿನ ಅಗತ್ಯವಿದ್ದರೆ ಮೂರಕ್ಕೆ ಅನುಮತಿ ಕೊಡಬಹುದು. ಮುಖ್ಯ ಇಗರ್ಜಿಯಲ್ಲಿ ಒಂದು ಮುಗಿಸಿ ಹಳ್ಳಿಯ ಪ್ರಾರ್ಥನಾಲಯಕ್ಕೆ ಓಡುವುದು ಇದಕ್ಕೇ. “ಆದಿತ್ಯವಾರ ಒಂದು ತಾಸಿನ ಕೆಲಸ” ಅನ್ನುವವರು ಆ ದಿನ ಅವರ ಬೈಕಿನ ಹಿಂದೆ ಕೂತು ನೋಡಬೇಕು.

ಎಷ್ಟು ಭಾಷೆ ಬೇಕು!

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ಸಿದ್ದಿ ಜನ ಇದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕಥೋಲಿಕರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮನೆಯಲ್ಲಿ ಅವರಾಡುವುದು ಕನ್ನಡ, ಮರಾಠಿ ಬೆರೆತ ಕೊಂಕಣಿ. ಮಂಗಳೂರು ಕಡೆಯಿಂದಲೋ ಗೋವಾ ಕಡೆಯಿಂದಲೋ ಬಂದ ಪಾದ್ರಿಗೆ ಕೊಂಕಣಿ ಬಂದರೂ ಈ ಕೊಂಕಣಿ ಕಿವಿಗೆ ಹತ್ತಲು ಸಮಯ ಬೇಕು. ಜೊತೆಗೆ ಪೇಟೆಯ ಕನ್ನಡ, ಕಚೇರಿಯ ಕನ್ನಡ, ಹವ್ಯಕರ ಕನ್ನಡ!

ಒಂದು ಕಾಲಕ್ಕೆ ಇಷ್ಟೆಲ್ಲ ತೊಂದರೆ ಇರಲಿಲ್ಲ. ಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು, ಪಾದ್ರಿಯ ಬೆನ್ನು ಜನರ ಕಡೆಗಿರುತ್ತಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಜನರ ಭಾಷೆ ಬಲಿಪೀಠಕ್ಕೆ ಬಂತು. ಕನ್ನಡ, ಕೊಂಕಣಿ ಹಾಡುಗಳು ಬಂದವು. ಸಿದ್ದಿಯರ ಡಮಾಮಿಯ ಸದ್ದಿಗೆ ಕುಣಿತ ಎಲ್ಲ ಧರ್ಮದ ಸಿದ್ದಿಯರಿಗೂ ಸೇರಿದ್ದು. ಹಳೇ ಸೀರೆಯ ತುಂಡು ಜೋಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಈಗ ದೇಶವಿದೇಶದಲ್ಲಿ ಹೆಸರು ಮಾಡಿದೆ. ಕಥೋಲಿಕ ಸಿದ್ದಿಯರ ಕೌದಿಯಲ್ಲಿ ಕೆಲವೊಮ್ಮೆ ಶಿಲುಬೆಯ ಆಕಾರವೂ ಕಾಣುತ್ತದೆ. ಇದೆಲ್ಲದರ ನಡುವೆ ಬದುಕುವ ಪಾದ್ರಿಗೆ ಪುಸ್ತಕದ ಓದಿನಷ್ಟೇ ಜನರ ಓದೂ ಬೇಕು.

ಕೈಯಲ್ಲಿ ದುಡ್ಡೆಷ್ಟು, ತಟ್ಟೆಯಲ್ಲಿ ಏನು?

ಪಾದ್ರಿಗಳು ಶ್ರೀಮಂತರು ಎಂಬ ಮಾತು ಆಗಾಗ ಕೇಳುತ್ತೇವೆ. ಇಗರ್ಜಿಯ ಕಟ್ಟಡ ನೋಡಿ ಹಾಗೆ ಅನ್ನಿಸುವುದು ಸಹಜ. ಆದರೆ ಆ ಆಸ್ತಿ ಅವರದ್ದಲ್ಲ. ಅವರಿಗೆ ಬರುವುದು ತಿಂಗಳ ಭತ್ಯೆ, ಪೂಜೆಗೆಂದು ಜನ ಕೊಡುವ ಕಾಣಿಕೆ. ಅದಕ್ಕೂ ಲಗಾಮು ಉಂಟು. ಒಂದು ದಿನ ಎರಡು ಮೂರು ಪೂಜೆ ಮಾಡಿದರೂ ಒಂದರ ಕಾಣಿಕೆ ಮಾತ್ರ ತಮಗೆ ಇಟ್ಟುಕೊಳ್ಳಬಹುದು. ಕ್ರಿಸ್ಮಸ್ ಒಂದೇ ಇದಕ್ಕೆ ಹೊರತು. ಅಪ್ಪಣೆಯಿಲ್ಲದೆ ವ್ಯಾಪಾರ ಮಾಡುವ ಹಾಗೂ ಇಲ್ಲ.

ಊಟದ ಸಂಗತಿ ಇನ್ನೂ ತಮಾಷೆ. ಅಡಿಗೆಯವರು ಸಿಕ್ಕಿದರೆ ಪುಣ್ಯ. ಅವರು ರಜೆ ಹಾಕಿದರೆ ಫಾದರ್ ಕೈಯಲ್ಲೇ ಸೌಟು. ಗಂಜಿ, ಮೊಟ್ಟೆ, ಉಪ್ಪಿನಕಾಯಿಯಲ್ಲೇ ದಿನ ಕಳೆಯುವುದುಂಟು. ಹಬ್ಬ ಬಂತೆಂದರೆ ಇದಕ್ಕೆ ಪೂರಾ ತಿರುವುಮುರುವು. ಒಂದೇ ಸಂಜೆ ಐದು ಮನೆಗೆ ಹೋದರೆ ಐದೂ ಕಡೆ ಕುಸ್ವಾರ್ ತಟ್ಟೆ, ಐದೂ ಕಡೆ ಚಾ. “ಒಂಚೂರಾದ್ರೂ ತಗೊಳ್ಳಿ ಫಾದರ್” ಅಂದಾಗ ಒಂದು ಮನೆಯಲ್ಲಿ ತಿಂದು ಇನ್ನೊಂದು ಮನೆಯಲ್ಲಿ ಬೇಡ ಅನ್ನುವಂತಿಲ್ಲ. ಹವ್ಯಕರ ಮನೆಗೆ ಹೋದರೆ ಆಸ್ರಿಗೆ, ಕವಳದ ಉಪಚಾರ ಬೇರೆ.

ಯಾರಿಗೂ ಹೇಳಲಾಗದ ಮಾತು

ಇಷ್ಟೆಲ್ಲ ಓಡಾಟ ಮೈ ದಣಿಸುವಂಥದ್ದು. ಮನಸ್ಸು ದಣಿಸುವ ಕೆಲಸ ಬೇರೆಯೇ ಉಂಟು. ಅದು ಪಾಪನಿವೇದನೆ ಕೇಳುವುದು. ಅಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಬೇಕೆಂದೇ ಆ ಗುಟ್ಟು ಒಡೆದರೆ ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕಾರ. ಅದನ್ನು ತೆಗೆಯುವ ಅಧಿಕಾರ ರೋಮಿಗೆ ಮಾತ್ರ.

ಯೋಚಿಸಿ ನೋಡಿ. ನಮಗೆ ಯಾರೋ ಒಬ್ಬರು ಕಷ್ಟ ಹೇಳಿಕೊಂಡರೆ ರಾತ್ರಿ ಊಟಕ್ಕೆ ಕೂತಾಗ ಮನೆಯವರ ಹತ್ತಿರ ಹೇಳಿ ಹಗುರಾಗುತ್ತೇವೆ. ಗಂಡ ಹೆಂಡತಿಯ ಜಗಳ, ಕುಡಿತ, ಸಾಲ, ಆತ್ಮಹತ್ಯೆಯ ಯೋಚನೆ ಇವನ್ನೆಲ್ಲ ಒಂದೇ ಸಂಜೆಯಲ್ಲಿ ಕೇಳಿಸಿಕೊಂಡ ಮನುಷ್ಯ ಒಬ್ಬರೇ ಉಂಡು ಒಬ್ಬರೇ ಮಲಗಬೇಕು. ಫ್ರಾನ್ಸಿನ ಆರ್ಸ್ ಎಂಬ ಸಣ್ಣ ಹಳ್ಳಿಯ ಪಾದ್ರಿ ಜಾನ್ ಮರಿಯ ವಿಯಾನ್ನಿ ದಿನಕ್ಕೆ ಹದಿನಾರು ಗಂಟೆಯವರೆಗೂ ಪಾಪನಿವೇದನೆ ಕೇಳುತ್ತಿದ್ದರಂತೆ. 1929ರಲ್ಲಿ ಅವರನ್ನು ಎಲ್ಲ ಊರ ಪಾದ್ರಿಗಳ ಪಾಲಕ ಸಂತರೆಂದು ಸಾರಿದರು. ಆಗಸ್ಟ್ 4 ಅವರ ಹಬ್ಬ. ಆ ದಿನ ಇಗರ್ಜಿಗಳಲ್ಲಿ ಪಾದ್ರಿಗಳಿಗೆ ಹೂ ಕೊಟ್ಟು ಶುಭ ಹಾರೈಸುತ್ತಾರೆ. ಆದರೆ ಆ ಸಂತರೂ ದಣಿದು ಹಳ್ಳಿ ಬಿಟ್ಟು ಹೋಗಲು ಒಂದಕ್ಕಿಂತ ಹೆಚ್ಚು ಸಲ ಹೊರಟಿದ್ದರು ಎನ್ನುವುದನ್ನು ಹೂ ಕೊಡುವವರು ಮರೆಯಬಾರದು.

ಬಿಡುವು ಸೋಮಾರಿತನವಲ್ಲ

ಅದಕ್ಕೇ ಬಿಡುವಿನ ಮಾತು. 1983ರ ಧರ್ಮಸಭೆಯ ಕಾನೂನು ಸಂಹಿತೆ ಪಾದ್ರಿಗಳಿಗೆ ವರ್ಷ ವರ್ಷ ಸಾಕಷ್ಟು ರಜೆಯ ಹಕ್ಕಿದೆ ಎಂದು ಸ್ಪಷ್ಟವಾಗಿ ಬರೆದಿದೆ. ಊರ ಇಗರ್ಜಿಯ ವಿಚಾರಣೆ ಗುರುಗಳು ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ತೆಗೆದುಕೊಳ್ಳಬಹುದು. ವರ್ಷಕ್ಕೊಮ್ಮೆ ಮಾಡಬೇಕಾದ ಧ್ಯಾನಕೂಟದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಒಂದು ವಾರಕ್ಕಿಂತ ಹೆಚ್ಚು ಊರು ಬಿಡುವುದಾದರೆ ಮೇಲಿನವರಿಗೆ ತಿಳಿಸಬೇಕು, ಅಷ್ಟೆ. ಕಾಗದದ ಮೇಲೆ ಇದೆಲ್ಲ ಚಂದ. ಬದಲಿಗೆ ಪೂಜೆ ಮಾಡುವವರು ಸಿಗದಿದ್ದರೆ ರಜೆ ಎಲ್ಲಿಂದ ಬರಬೇಕು?

ಆದಿತ್ಯವಾರ ದುಡಿದವರಿಗೆ ಸೋಮವಾರ ವಿಶ್ರಾಂತಿ ಎಂಬ ರೂಢಿ ಅನೇಕ ಕಡೆ ಇದೆ. ಅಕ್ಕಪಕ್ಕದ ಇಗರ್ಜಿಯ ನಾಲ್ಕಾರು ಪಾದ್ರಿಗಳು ಒಂದು ಕಡೆ ಸೇರಿ ಉಂಡು, ಶಟಲ್ಲೋ ಕೇರಮ್ಮೋ ಆಡಿ, ಹಳೇ ಸೆಮಿನರಿಯ ಕಥೆ ಹೇಳಿಕೊಂಡು ನಗುವ ದಿನ ಅದು. ಹೊರಗಿನವರಿಗೆ ಇದು ಹರಟೆಯಂತೆ ಕಾಣಬಹುದು. ಪಾದ್ರಿಗಳಿಗೆ ಒಂದಿಷ್ಟಾದರೂ ಕೂಡುಬಾಳ್ವೆ ಇರಬೇಕೆಂದು ಅದೇ ಸಂಹಿತೆ ಬಲವಾಗಿ ಶಿಫಾರಸು ಮಾಡಿದೆ ಎನ್ನುವುದು ತಿಳಿದರೆ ಆ ಹರಟೆಗೂ ಬೆಲೆ ಬರುತ್ತದೆ.

ಆಟ ಆಡುವ ಪಾದ್ರಿ ಅಂದರೆ ಹುಬ್ಬೇರಿಸುವವರು ರೋಮಿನ ಕಡೆ ನೋಡಬಹುದು. ಅಲ್ಲಿ ಪಾದ್ರಿಗಳು ಮತ್ತು ಸೆಮಿನರಿ ವಿದ್ಯಾರ್ಥಿಗಳಿಗಾಗಿಯೇ ‘ಕ್ಲೆರಿಕುಸ್ ಕಪ್’ ಎಂಬ ಫುಟ್ಬಾಲ್ ಪಂದ್ಯಾವಳಿ 2007ರಲ್ಲಿ ಸುರುವಾಯಿತು. ಅಲ್ಲಿ ನೀಲಿ ಕಾರ್ಡ್ ಉಂಟು. ತಪ್ಪು ಮಾಡಿದವರು ಐದು ನಿಮಿಷ ಹೊರಗೆ ಕೂತು ತಣ್ಣಗಾಗಬೇಕು! ಎರಡನೆಯ ಜಾನ್ ಪೌಲ್ ಅವರಿಗೆ ಬೆಟ್ಟ ಹತ್ತುವುದು, ಹಿಮದ ಮೇಲೆ ಜಾರುವುದು ಇಷ್ಟವಾಗಿತ್ತು. ಫ್ರಾನ್ಸಿಸ್ ಅವರು ಬ್ಯೂನಸ್ ಐರಿಸ್ಸಿನ ಸಾನ್ ಲೊರೆಂಜೊ ಫುಟ್ಬಾಲ್ ತಂಡದ ಕಟ್ಟಾ ಅಭಿಮಾನಿಯಾಗಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರಿಗೆ ಟೆನ್ನಿಸ್ ಅಂದರೆ ಪ್ರೀತಿ. ಫ್ರಾನ್ಸಿಸ್ 2024ರ ಜುಲೈನಲ್ಲಿ ಒಂದು ಪತ್ರವನ್ನೇ ಬರೆದು, ಪಾದ್ರಿಗಳಾಗುವವರು ಕಥೆ, ಕಾದಂಬರಿ, ಕವಿತೆ ಓದಬೇಕು, ಬೇರೆಯವರ ಮನಸ್ಸು ತಿಳಿಯಲು ಅದು ದಾರಿ ಎಂದಿದ್ದರು.

ಹವ್ಯಾಸ ನಾಡಿಗೆ ಉಪಕಾರವಾದಾಗ

ಪಾದ್ರಿಗಳ ಆಸಕ್ತಿಯಿಂದ ಕನ್ನಡ ನಾಡಿಗೆ ಆದ ಲಾಭ ಸಣ್ಣದಲ್ಲ. 1878ರಲ್ಲಿ ಮಂಗಳೂರಿಗೆ ಬಂದ ಜರ್ಮನಿಯ ಜೆಸುವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಅವರಿಗೆ ಹೋಮಿಯೋಪಥಿಯಲ್ಲಿ ಆಸಕ್ತಿ. 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರಿಗೆ ಔಷಧಿ ಹಂಚತೊಡಗಿದರು. ಹತ್ತು ವರ್ಷಕ್ಕೆ ಕುಷ್ಠರೋಗಿಗಳಿಗೂ ಆಸ್ಪತ್ರೆಯಾಯಿತು. ಇವತ್ತಿನ ಫಾದರ್ ಮುಲ್ಲರ್ ಆಸ್ಪತ್ರೆ, ವೈದ್ಯಕೀಯ ಕಾಲೇಜು ಬೆಳೆದದ್ದು ಆ ಬೇರಿನಿಂದ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರಾನ್ಸಿನ ಅಬ್ಬೆ ದುಬುವಾ ಇಲ್ಲಿಯವರ ಹಾಗೇ ಉಟ್ಟು, ಇಲ್ಲಿಯವರ ನಡುವೆಯೇ ಇದ್ದರು. ಕಂಡದ್ದನ್ನು ಬರೆದಿಟ್ಟರು. ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ 1803–04ರ ಹೊತ್ತಿಗೆ ಅವರ ಮೂಲಕ 25 ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಸಿಕ್ಕಿತು.

ನಮ್ಮ ಕಾಲದಲ್ಲಿ ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಫಾದರ್ ಸಿಸಿಲ್ ಸಲ್ಡಾನ ಗಿಡಮರಗಳ ಹಿಂದೆ ಬಿದ್ದು ಹಾಸನದ ಕಾಡುಮೇಡು ಸುತ್ತಿದರು. ಹಾಸನ ಜಿಲ್ಲೆಯ ಸಸ್ಯಗಳ ಮೇಲಿನ ದೊಡ್ಡ ಗ್ರಂಥ 1976ರಲ್ಲಿ ಬಂತು. ಆಮೇಲೆ ಕರ್ನಾಟಕದ ಸಸ್ಯಸಂಪತ್ತಿನ ಸಂಪುಟಗಳು ಬಂದವು. ಪಶ್ಚಿಮ ಘಟ್ಟದ ಸಸ್ಯ ಓದುವವರು ಇವತ್ತೂ ಅವನ್ನು ಬಿಡಿಸುತ್ತಾರೆ.

ಇವರೆಲ್ಲ ದೊಡ್ಡವರು. ಎಲ್ಲ ಪಾದ್ರಿಗಳೂ ಹೀಗಾಗಬೇಕೆಂದಿಲ್ಲ. ಇಗರ್ಜಿಯ ಹಿತ್ತಲಲ್ಲಿ ಬಸಳೆ, ಬದನೆ ಬೆಳೆಯುವವರು, ನಾಯಿ ಸಾಕುವವರು, ಗಿಟಾರ್ ಹಿಡಿದು ಮಕ್ಕಳಿಗೆ ಹಾಡು ಕಲಿಸುವವರು, ರಾತ್ರಿ ಒಂದು ಕ್ರಿಕೆಟ್ ಮ್ಯಾಚ್ ನೋಡಿ ಮಲಗುವವರು ಇದ್ದಾರೆ. ಅಷ್ಟು ಸಾಕು. ಮರುದಿನ ಬೆಳಿಗ್ಗೆ ನಗುಮುಖದಿಂದ ಬಾಗಿಲು ತೆಗೆಯಲಿಕ್ಕೆ ಅಷ್ಟಾದರೂ ಬೇಕು.

ಬೇರು ಬಿಡುವಷ್ಟರಲ್ಲಿ ವರ್ಗ

ಎಲ್ಲಕ್ಕಿಂತ ಕಷ್ಟದ್ದು ವರ್ಗ. ಐದಾರು ವರ್ಷಕ್ಕೆ ಇನ್ನೊಂದು ಊರು. ಅಷ್ಟರಲ್ಲಿ ಜ್ಞಾನಸ್ನಾನ ಕೊಟ್ಟ ಮಗು ಶಾಲೆಗೆ ಹೋಗತೊಡಗಿರುತ್ತದೆ, ತಾವು ನೆಟ್ಟ ತೆಂಗು ಫಲ ಬಿಡಲು ತಯಾರಾಗಿರುತ್ತದೆ. ಬೀಳ್ಕೊಡುಗೆಯ ದಿನ ಶಾಲು, ಹಾರ, ಕಣ್ಣೀರು. ಮರುದಿನ ಎರಡು ಪೆಟ್ಟಿಗೆ, ಪುಸ್ತಕದ ಕಟ್ಟು ಹಿಡಿದು ಹೊಸ ಊರು. ಹೋದ ಮೇಲೆ ಹಳೇ ಊರಿನ ವ್ಯವಹಾರದಲ್ಲಿ ತಲೆಹಾಕಬಾರದೆಂಬ ಮರ್ಯಾದೆ ಬೇರೆ. ಎಪ್ಪತ್ತೈದು ತುಂಬಿದಾಗ ಧರ್ಮಾಧ್ಯಕ್ಷರಿಗೆ ರಾಜೀನಾಮೆ ಪತ್ರ ಕೊಡಬೇಕೆನ್ನುತ್ತದೆ ಕಾನೂನು. ಆಮೇಲೆ ನಿವೃತ್ತ ಪಾದ್ರಿಗಳ ಮನೆಯಲ್ಲಿ ಒಂದು ಕೋಣೆ.

“ಅವರೇ ಆರಿಸಿಕೊಂಡ ದಾರಿ ಅಲ್ಲವಾ?” ಎಂದು ಕೇಳಬಹುದು. ಹೌದು, ಯಾರೂ ಬಲವಂತ ಮಾಡಿದ್ದಲ್ಲ. ಅವರಿಗೆ ಅನುಕಂಪವೂ ಬೇಕಿಲ್ಲ. ಆದರೆ ದಾರಿ ಆರಿಸಿಕೊಂಡವರಿಗೆ ಕಾಲು ನೋಯಬಾರದು ಅಂತ ಎಲ್ಲಿದೆ? ಬ್ರಹ್ಮಚರ್ಯ ಎಂದರೆ ಒಂಟಿತನ ಎಂದು ಅರ್ಥವಲ್ಲ. ಒಂಟಿತನ ಬರುವುದು ಜನ ಅವರನ್ನು ಕೆಲಸಕ್ಕೆ ಮಾತ್ರ ಕರೆದಾಗ.

ಅದಕ್ಕೆ ಕಥೋಲಿಕ ಮನೆಯವರಿಗೂ, ಪಕ್ಕದ ಮನೆಯ ನಮ್ಮಂಥವರಿಗೂ ಒಂದೆರಡು ಮಾತು. ಸೋಮವಾರ ಅವರ ಬಿಡುವಿನ ದಿನವಾದರೆ ತೀರ ತುರ್ತಿಲ್ಲದೆ ಫೋನು ಮಾಡಬೇಡಿ. ರಜೆ ಹೋದರೆ “ಮತ್ತೆ ರಜೆಯಾ?” ಅನ್ನಬೇಡಿ. ಅವರು ಆಡಿದರೆ ಜೊತೆಗೆ ಆಡಿ. ಹಳೇ ಪಾದ್ರಿಯ ಹೊಗಳಿಕೆಯನ್ನು ಹೊಸಬರ ಎದುರು ಮಾಡಬೇಡಿ. ವರ್ಗವಾಗಿ ಹೋದವರಿಗೆ, ನಿವೃತ್ತರಾದವರಿಗೆ ವರ್ಷಕ್ಕೊಂದು ಸಲವಾದರೂ ಫೋನು ಮಾಡಿ. ಪೂಜೆ ಮುಗಿದ ಮೇಲೆ ಪ್ರಬೋಧನೆ ಉದ್ದ ಆಯ್ತು, ಗಿಡ್ಡ ಆಯ್ತು ಎನ್ನುವ ಮೊದಲು, ಮನೆಯ ಅಣ್ಣನನ್ನೋ ತಮ್ಮನನ್ನೋ ಕೇಳುವ ಹಾಗೆ ಒಂದು ಪ್ರಶ್ನೆ ಕೇಳಿ: “ಫಾದರ್, ನಿನ್ನೆ ರಾತ್ರಿ ಊಟ ಎಂತ ಮಾಡಿದ್ರಿ?”

ಗಂಜಿ, ಮೊಟ್ಟೆ, ಉಪ್ಪಿನಕಾಯಿ ಎಂಬ ಉತ್ತರ ಬಂದರೆ ಮುಂದೆ ಏನು ಮಾಡಬೇಕೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.